ನನ್ನ ಮುದ್ರೆ ಕಂಡರೂ ನಂಬಬೇಡ

ರೇಗನ್ಸ್‌ಬರ್ಗ್
12 ಮಾರ್ಚ್ 2023

ಚಿರಂಜೀವಿ ಬಸವನಿಗೆ ಅಕ್ಕನ ಆಶೀರ್ವಾದ.

ಮೊದಲು ಕುಳಿತುಕೋ. ಇದು ನಿಂತುಕೊಂಡು ಓದುವ ಪತ್ರವಲ್ಲ.

ಫೋನ್ ಮಾಡದೆ ಪತ್ರ ಯಾಕೆ ಬರೆದಳು ಅಂದುಕೊಳ್ಳುತ್ತೀ. ನನ್ನ ಕಿವಿಯ ಸುದ್ದಿ ನಿನಗೆ ಗೊತ್ತೇ ಇದೆ. ಯಂತ್ರ ಹಾಕಿಕೊಂಡರೂ ಫೋನಿನಲ್ಲಿ ನಿನ್ನ ಮಾತು ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಕೇಳುತ್ತದೆ. ಕಾಗದದ ಮೇಲಾದರೆ ನೀನು ಸ್ಪಷ್ಟವಾಗಿ ಮಾತಾಡುತ್ತೀ, ಮಧ್ಯದಲ್ಲಿ ಬಾಯಿ ಹಾಕುವುದೂ ಇಲ್ಲ.

ಡಾಕ್ಟರ್ ಕೊನೆಗೆ ಹೆಸರು ಹೇಳಿದರು. ನಮ್ಮ ಅತ್ತೆ ಬಸಲಿಂಗವ್ವನಿಗೆ ಬಂದಿತ್ತಲ್ಲ, ಅದೇ ಮರೆವಿನ ಬೇನೆ. ಇನ್ನೂ ಆರಂಭವಂತೆ. ಎರಡು ಸಲ ಒಲೆ ಆರಿಸುವುದನ್ನು ಮರೆತೆ, ಒಂದು ಸಲ ಮೂವತ್ತು ವರ್ಷ ಓಡಾಡಿದ ಬಸ್ಸಿನಲ್ಲಿ ಇಳಿಯಬೇಕಾದ ಸ್ಟಾಪ್ ಮರೆತೆ. ಇದನ್ನು ನಿನಗೆ ಹೇಳಿರಲಿಲ್ಲ.

ಬಸಲಿಂಗವ್ವನನ್ನು ನೋಡಿಕೊಳ್ಳಲು ನಾನು ಧಾರವಾಡದಲ್ಲಿ ಉಳಿದೆ, ನಿಮ್ಮ ಮಾಮಾ ಇಲ್ಲಿ ಜರ್ಮನಿಯಲ್ಲಿ ಒಬ್ಬರೇ ಉಳಿದರು. ಆ ಮುದುಕಿ ದಿನಾ ಸಂಜೆ ಸೀರೆಯ ಗಂಟು ಕಟ್ಟಿಕೊಂಡು ಹೊಸ್ತಿಲಲ್ಲಿ ಕೂರುತ್ತಿದ್ದಳು. ತವರಿನವರು ಕರೆಯಲು ಬರುತ್ತಾರೆ ಅಂತ ಹಾದಿ ಕಾಯುವುದು. ಬಾಗಿಲು ಪೂರ್ತಿ ತೆರೆದಿದ್ದರೂ ಹೊರಗೆ ಕಾಲಿಡುತ್ತಿರಲಿಲ್ಲ. ‘ಕರಿಯಾಕ ಬಂದವರಿಲ್ಲದ ಹೆಂಗ ಹೋಗೂದವಾ? ಹಂಗ ಹೋದ್ರ ತವರಿಗೆ ಮರ್ಯಾದಿ ಏನ್ ಉಳೀತು?’ ಅನ್ನುತ್ತಿದ್ದಳು. ಆಕೆ ಹೋದ ಮೇಲೆ ನಾನು ಇಲ್ಲಿಗೆ ಮರಳಿದರೆ, ನಾನು ಮತ್ತು ನಿಮ್ಮ ಮಾಮಾ ಒಂದೇ ಮನೆಯ ಇಬ್ಬರು ಬಾಡಿಗೆದಾರರಂತೆ ಆಗಿಬಿಟ್ಟಿದ್ದೆವು. ಮತ್ತೆ ಗಂಡಹೆಂಡಿರಾಗುವ ಮೊದಲೇ ಅವರು ತೀರಿಕೊಂಡರು. ಅಂಥದ್ದು ನಿನ್ನ ಮನೆಗೆ ಬರಬಾರದು.

ಅದಕ್ಕೇ ಏಪ್ರಿಲ್ ಒಂದರಿಂದ ಹೈಮ್‌ಗೆ ಹೋಗುತ್ತಿದ್ದೇನೆ. ವೃದ್ಧರ ಮನೆ ಅಂತ ಮುಖ ಸಿಂಡರಿಸಬೇಡ. ಕಿಟಕಿಯಿಂದ ಡಾನ್ಯೂಬ್ ನದಿ ಕಾಣುತ್ತದೆ. ಕಾಗದಪತ್ರಕ್ಕೆಲ್ಲ ಸಹಿ ಹಾಕಿ ಆಯಿತು, ಮುಂದೆ ನನ್ನ ಪರವಾಗಿ ತೀರ್ಮಾನ ಮಾಡುವ ಅಧಿಕಾರ ನಿನ್ನ ಹೆಸರಿಗಿದೆ.

ಈಗ ಮುಖ್ಯ ಮಾತು. ನಮ್ಮ ಒಕ್ಕಣ್ಣ ರಾಜನ ಮನೆತನ ನೆನಪಿದೆಯಲ್ಲ? ನಾನು ಬೈಲಹೊಂಗಲದ ಅಟ್ಟದ ಮೇಲೆ ಎಂ.ಎ. ಪರೀಕ್ಷೆಗೆ ಓದುವಾಗ ನೀನು ಒಂಬತ್ತು ವರ್ಷದವನು, ಅವ್ವನಿಲ್ಲದ ಕೂಸು, ನನ್ನ ತೊಡೆ ಬಿಟ್ಟು ಏಳುತ್ತಿರಲಿಲ್ಲ. ನಿನ್ನನ್ನು ಮಲಗಿಸಲಿಕ್ಕೂ ಆಯಿತು, ಪಾಠ ಬಾಯಿಗೆ ಬರಲಿಕ್ಕೂ ಆಯಿತು ಅಂತ ಗ್ರೀಕರ ರಾಜರನ್ನೆಲ್ಲ ಬೈಲಹೊಂಗಲದ ಮಾತಿನಲ್ಲಿ ಹೇಳುತ್ತಿದ್ದೆ. ಅಲೆಗ್ಸಾಂಡರ್ ಸತ್ತ ಮೇಲೆ ಅವನ ದಂಡನಾಯಕರು ರಾಜ್ಯ ಹರಿದು ಹಂಚಿಕೊಂಡರು. ಅವರಲ್ಲಿ ಹಿರಿಯನು ಒಕ್ಕಣ್ಣ ಅಂತಿಗೊನಸ್. ಅವನ ಮಗ ದೆಮೆತ್ರಿಯಸ್, ಕೋಟೆಗಳಿಗೆ ಲಗ್ಗೆ ಹಾಕುವುದರಲ್ಲಿ ಹೆಸರಾದವನು. ಅವನ ಮಗನಿಗೆ ನಮ್ಮಲ್ಲಿಯ ಹಾಗೆಯೇ ಅಜ್ಜನ ಹೆಸರಿಟ್ಟರು, ಅವನೂ ಅಂತಿಗೊನಸ್.

ಈ ದೆಮೆತ್ರಿಯಸ್ ಕೊನೆಗೆ ವೈರಿ ಸೆಲ್ಯೂಕಸನ ಕೈಗೆ ಸೆರೆ ಸಿಕ್ಕ. ಸುಖದ ಸೆರೆ. ಉದ್ಯಾನ, ಕುದುರೆ, ಊಟ, ದ್ರಾಕ್ಷಾರಸ ಎಲ್ಲ ಇತ್ತು, ಹೊರಗೆ ಹೋಗುವ ಹಾಗೆ ಮಾತ್ರ ಇರಲಿಲ್ಲ. ಅಲ್ಲಿಂದ ಅವನು ತನ್ನ ಮಗನಿಗೆ ಹೇಳಿ ಕಳಿಸಿದ: ‘ಇನ್ನು ಮೇಲೆ ನಾನು ಸತ್ತೆ ಅಂತ ತಿಳಿ. ನನ್ನ ಹೆಸರಿನಲ್ಲಿ ಪತ್ರ ಬಂದರೆ, ಅದರ ಮೇಲೆ ನನ್ನ ಮುದ್ರೆ ಕಂಡರೂ ನಂಬಬೇಡ. ನನಗಾಗಿ ಒಂದು ಊರನ್ನೂ ಬಿಟ್ಟುಕೊಡಬೇಡ.’

ಅದೇ ಮಾತನ್ನು ನಾನು ನಿನಗೆ ಬರೆಯುತ್ತಿದ್ದೇನೆ. ಇವತ್ತು ನನ್ನ ಬುದ್ಧಿ ನನ್ನ ಹತ್ತಿರ ಇದೆ. ನಾಳೆ ನಾನು ‘ತಮ್ಮಾ, ನನ್ನನ್ನು ಕರೆದುಕೊಂಡು ಹೋಗು’ ಅಂತ ಬರೆದೇನು, ಅತ್ತುಕೊಂಡು ಬರೆದೇನು. ಅದು ನಾನಲ್ಲ. ನನ್ನ ಕೈಬರಹವಿದ್ದರೂ ನಂಬಬೇಡ. ಹೆಂಡತಿ ಜಯಾಳ ನೆಮ್ಮದಿ, ಮಗಳು ಕೀರ್ತಿಯ ಓದು, ಯಾವುದನ್ನೂ ನನಗಾಗಿ ಬಿಟ್ಟುಕೊಡಬೇಡ.

ಲಕೋಟೆ ತಂದು, ನಿನ್ನ ವಿಳಾಸ ಬರೆದು, ಸ್ಟಾಂಪ್ ಹಚ್ಚಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಇಟ್ಟುಕೊಂಡಿದ್ದೇನೆ. ವಿಳಾಸ ಮರೆತರೂ ಪತ್ರ ನಿನಗೆ ಮುಟ್ಟಬೇಕಲ್ಲ.

ಹೂಂ ಅನ್ನು.

ನಿನ್ನ ಗೌರಕ್ಕ


ವೋಲ್ಫ್ಸ್‌ಬುರ್ಗ್
25 ಮಾರ್ಚ್ 2023

ಅಕ್ಕಾ, ನಮಸ್ಕಾರ.

ನಿನ್ನ ಪತ್ರ ಓದಿ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ಎಲ್ಲ ಸಹಿ ಹಾಕಿ ಮುಗಿಸಿ ಆಮೇಲೆ ನನಗೆ ಹೇಳುತ್ತೀಯಲ್ಲ, ನಾನೇನು ಬೀದಿಯಲ್ಲಿ ಹೋಗುವವನೇ? ನೀನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಕ್ಕೆ, ನೀನು ಈ ದೇಶಕ್ಕೆ ಕರೆಸಿಕೊಂಡು ದಾರಿ ತೋರಿಸಿದ್ದಕ್ಕೆ ನಾನು ಇಲ್ಲಿ ಇದ್ದೇನೆ. ನನ್ನನ್ನು ಒಂದು ಮಾತು ಕೇಳಬಾರದೇ?

ಜಯಾ ಪತ್ರ ಓದಿದವಳೇ, ‘ಗೌರಕ್ಕಾರು ಇಲ್ಲೇ ಬಂದು ಇರ್ಲಿ. ನಿಮ್ಮ ಆಫೀಸ್ ರೂಮ್ ಖಾಲಿ ಮಾಡ್ರಿ’ ಅಂದಳು. ನಾನು, ‘ಅಕ್ಕನ ಬ್ಯಾಡ ಅಂದಾಳಲ್ಲ’ ಅಂದೆ. ಆಕೆ ನನ್ನ ಮುಖ ನೋಡಿ, ಪತ್ರ ಮಡಚಿ ನನ್ನ ಕೈಗಿಟ್ಟಳು.

ಹೂಂ ಅಕ್ಕಾ. ನೀನು ಹೇಳಿದ ಹಾಗೇ ಆಗಲಿ. ನಿನ್ನ ಮಾತು ನಾನು ಯಾವತ್ತು ಮೀರಿದ್ದೇನೆ?

ಒಕ್ಕಣ್ಣ ರಾಜನ ಮನೆತನ ಮರೆತಿಲ್ಲ. ನನಗೆ ಈಗಲೂ ಇಷ್ಟವಾದದ್ದು ಈಟಿಯ ಕಥೆ. ಮುದಿ ರಾಜ ಪರದೇಶದ ದೂತರ ಜೊತೆ ಮಾತಾಡುತ್ತಿರುತ್ತಾನೆ. ದೆಮೆತ್ರಿಯಸ್ ಬೇಟೆಯಿಂದ ಬಂದವನು ಈಟಿಗಳನ್ನು ಕೈಯಲ್ಲೇ ಹಿಡಿದುಕೊಂಡು ಒಳಗೆ ಬಂದು, ಅಪ್ಪನಿಗೆ ಮುತ್ತು ಕೊಟ್ಟು, ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ. ರಾಜ ದೂತರಿಗೆ ಕೂಗಿ ಹೇಳುತ್ತಾನೆ: ‘ಇದನ್ನೂ ನಿಮ್ಮ ದೊರೆಗೆ ಹೋಗಿ ತಿಳಿಸಿ. ನಮ್ಮ ಮನೆಯಲ್ಲಿ ಅಪ್ಪಮಕ್ಕಳು ಇರುವುದು ಹೀಗೆ.’ ಉಳಿದ ಅರಮನೆಗಳಲ್ಲಿ ಮಗ ಅಪ್ಪನನ್ನು, ಅಪ್ಪ ಮಗನನ್ನು ಕೊಲ್ಲುತ್ತಿದ್ದ ಕಾಲ. ಇಲ್ಲಿ ಆಯುಧ ಹಿಡಿದ ಮಗ ಪಕ್ಕದಲ್ಲಿ ಕೂತರೂ ಅಪ್ಪನಿಗೆ ಹೆದರಿಕೆಯಿಲ್ಲ. ಹೌದಿಲ್ಲೋ?

ಒಂದು ಕೇಳುವುದಿದೆ. ಸೆರೆಯಿಂದ ಅಪ್ಪನ ಆ ಮಾತು ಬಂದ ಮೇಲೆ ಮಗ ಏನು ಮಾಡಿದ? ನೀನು ಅಲ್ಲಿಗೆ ಬರುವಷ್ಟರಲ್ಲಿ ನನಗೆ ಯಾವಾಗಲೂ ನಿದ್ದೆ ಹತ್ತಿರುತ್ತಿತ್ತು.

ನಿನ್ನ ಬಸವ


ರೇಗನ್ಸ್‌ಬರ್ಗ್
20 ಮೇ 2023

ಚಿರಂಜೀವಿ ಬಸವನಿಗೆ ಆಶೀರ್ವಾದ.

ಹೈಮ್ ಚೆನ್ನಾಗಿದೆ. ಬೈಯಬೇಕೆಂದರೆ ಅಡುಗೆಯನ್ನೇ ಬೈಯಬೇಕು. ಹೊತ್ತು ಇನ್ನೂ ನೆತ್ತಿಯ ಮೇಲಿರುವಾಗಲೇ ರಾತ್ರಿಯೂಟ ಅಂತ ತಣ್ಣನೆಯ ಬ್ರೆಡ್, ಅದರ ಮೇಲೊಂದು ಚೀಸಿನ ಹಾಳೆ ಕೊಡುತ್ತಾರೆ. ಆಬೆಂಡ್‌ಬ್ರೋಟ್ ಅಂತ ಅದಕ್ಕೊಂದು ಹೆಸರು ಬೇರೆ! ಇಷ್ಟು ವರ್ಷ ಈ ದೇಶದಲ್ಲಿದ್ದೂ ಅದನ್ನು ಊಟವೆಂದು ಒಪ್ಪಲು ನನ್ನ ಹೊಟ್ಟೆ ತಯಾರಿಲ್ಲ. ಜಯಾಗೆ ಹೇಳು, ಶೇಂಗಾ ಹಿಂಡಿ, ಅದೇ ನಮ್ಮ ಖಾರದ ಚಟ್ನಿಪುಡಿ, ಕುಟ್ಟಿ ಕಳಿಸಲಿ. ಬ್ರೆಡ್ಡಿಗೆ ಹಚ್ಚಿಕೊಂಡಾದರೂ ತಿನ್ನುತ್ತೇನೆ.

ಇಲ್ಲಿ ಮೋನಿಕಾ ಅಂತ ಒಬ್ಬ ಸಿಸ್ಟರ್ ಇದ್ದಾಳೆ. ಒಳ್ಳೆಯ ಹುಡುಗಿ, ನನ್ನ ಪತ್ರಗಳನ್ನು ಅವಳೇ ಅಂಚೆಗೆ ಹಾಕುವುದು. ನನ್ನ ಜರ್ಮನ್ ಕೇಳಿ, ‘ಇಲ್ಲಿಯ ಅಜ್ಜಿಯರಿಗಿಂತ ನಿಮ್ಮದೇ ಶುದ್ಧ’ ಅನ್ನುತ್ತಾಳೆ.

ಮಗ ಏನು ಮಾಡಿದ ಅಂತ ಕೇಳಿದ್ದೀ. ಏನು ಮಾಡುತ್ತಾನೆ? ರಾಜ್ಯ ಆಳಿದ. ಮಕೆದೋನಿಯದ ರಾಜನಾಗಿ ನಲವತ್ತು ವರ್ಷದ ಹತ್ತಿರ ಆಳಿದ, ಮುಪ್ಪಿನಲ್ಲಿ ಹಾಸಿಗೆಯ ಮೇಲೆ ಸತ್ತ. ಆ ಮನೆತನದಲ್ಲಿ ಅದೇ ದೊಡ್ಡ ಸಾಧನೆ. ಕಥೆ ಅಲ್ಲಿಗೆ ಮುಗಿಯಿತು.

ನಾನು ಈಗ ಜ್ಞಾಪಿಸಿಕೊಳ್ಳುವುದು ದೆಮೆತ್ರಿಯಸ್ ರಾಜನಾಗಿದ್ದ ಕಾಲದ್ದು. ಒಂದು ದಿನ ಅವನು ಖುಷಿಯಲ್ಲಿ ಎಲ್ಲರ ಅರ್ಜಿಗಳನ್ನೂ ತೆಗೆದುಕೊಂಡು ಉಡಿಯಲ್ಲಿ ಹಾಕಿಕೊಂಡ. ಜನ ಅಯ್ಯೋ ನಮ್ಮ ಪುಣ್ಯ ಅಂತ ಹಿಂದೆ ಹಿಂದೆ ನಡೆದರು. ಸೇತುವೆಯ ಮೇಲೆ ಬಂದವನೇ ಉಡಿ ಝಾಡಿಸಿ ಅಷ್ಟನ್ನೂ ಹೊಳೆಗೆ ಚೆಲ್ಲಿಬಿಟ್ಟ. ಇನ್ನೊಂದು ದಿನ ಒಬ್ಬ ಮುದುಕಿ ದಾರಿಗೆ ಅಡ್ಡ ಬಂದು ‘ನನ್ನ ಮಾತು ಕೇಳು’ ಅಂದಳು. ‘ಟೈಮಿಲ್ಲ’ ಅಂದ. ‘ಟೈಮಿಲ್ಲಂದ್ರ ರಾಜತನಾ ಬಿಡು’ ಅಂದಳು ಆಕೆ. ಆ ಮಾತು ಎಷ್ಟು ಚುಚ್ಚಿತೆಂದರೆ, ಮನೆಗೆ ಹೋಗಿ ಬೇರೆ ಕೆಲಸವೆಲ್ಲ ಬಿಟ್ಟು ಆ ಮುದುಕಿಯಿಂದಲೇ ಶುರುಮಾಡಿ ದಿನಗಟ್ಟಲೆ ಜನರ ಮಾತು ಕೇಳುತ್ತ ಕುಳಿತ.

ಹೋದ ತಿಂಗಳು ಎರಡು ಪತ್ರ ಬರೆದಿದ್ದೆ. ಉತ್ತರವಿಲ್ಲ. ನಿಮ್ಮ ಊರಿನ ಕಾಲುವೆಗೆ ಚೆಲ್ಲಿದೆಯೇನೋ ದೊರೆಯೇ?

ಗೌರಕ್ಕ


ವೋಲ್ಫ್ಸ್‌ಬುರ್ಗ್
30 ಜುಲೈ 2023

ಅಕ್ಕಾ, ನಮಸ್ಕಾರ.

ಟೈಮಿಲ್ಲ ಅಂತ ಬರೆಯಲು ಹೆದರಿಕೆಯಾಗುತ್ತಿದೆ. ಆದರೂ ಇಲ್ಲ. ಕಾರಿನ ಹೊಸ ಮಾಡೆಲ್ಲಿನ ಸಾಫ್ಟ್‌ವೇರ್ ತಡವಾಗಿ ಎಲ್ಲರ ತಲೆ ಮೇಲೆ ಕೂತಿದೆ, ಭಾನುವಾರವೂ ಮೀಟಿಂಗ್. ಪಂಚಮಿಗೆ ಬರುತ್ತೇನೆ ಅಂದಿದ್ದೆ, ಆಗುವುದಿಲ್ಲ. ಜಯಾ ಶೇಂಗಾ ಹಿಂಡಿ, ಪಂಚಮಿ ಉಂಡಿ ಪಾರ್ಸೆಲ್ ಮಾಡಿದ್ದಾಳೆ. ದಸರೆಗೆ ಖಂಡಿತ ಬರುತ್ತೇನೆ.

ನೀನು ಅಲ್ಲಿ ಸುಖವಾಗಿರುವುದು ಓದಿ ಸಮಾಧಾನವಾಯಿತು. ಜಯಾಗೆ ಪತ್ರ ತೋರಿಸಿ, ‘ನೋಡು, ಅಕ್ಕನ ನಿರ್ಧಾರನ ಸರಿ ಇತ್ತು’ ಅಂದೆ. ಆಕೆ, ‘ಹಿಂಡಿ ಕೇಳ್ಯಾರಂದ್ರ ಊಟಾ ಸೇರವಲ್ದು ಅಂತ ಅರ್ಥ’ ಅಂದಳು. ಹೆಂಗಸರ ಲೆಕ್ಕವೇ ಬೇರೆ.

ಬಸವ


ರೇಗನ್ಸ್‌ಬರ್ಗ್
19 ನವೆಂಬರ್ 2023

ಚಿರಂಜೀವಿ ಬಸವನಿಗೆ,

ದಸರೆಗೆ ನೀನು ಬಂದಾಗ ಒಂದು ಮಾತು ಮುಚ್ಚಿಟ್ಟೆ. ನೀನು ನಡುನಡುವೆ ಗಡಿಯಾರ ನೋಡುತ್ತಿದ್ದೆ, ಅದಕ್ಕೆ ಹೇಳಲಿಲ್ಲ.

ನನ್ನ ಜರ್ಮನ್ ಹೋಗುತ್ತಿದೆ ಬಸವ. ಮೊದಲು ದೊಡ್ಡ ದೊಡ್ಡ ಮಾತು ಹೋದವು, ಈಗ ಸಣ್ಣವೂ ಹೋಗುತ್ತಿವೆ. ನೀರು ಕೇಳಲು ಬಾಯಿ ತೆಗೆದರೆ ನೀರು ಅಂತಲೇ ಬರುತ್ತದೆ. ಮೊನ್ನೆ ನೀರು ನೀರು ಅಂತ ಕೂಗಿಕೊಂಡರೆ ಮೋನಿಕಾ ಕಂಬಳಿ ತಂದು ಹೊದಿಸಿದಳು. ಕಂಬಳಿ ಒಗೆದೆ. ಆಕೆಗೆ ಬೇಜಾರಾಯಿತು, ನನಗೆ ನಾಚಿಕೆಯಾಯಿತು. ಈಗ ಚಿತ್ರದ ಹಲಗೆ ಕೊಟ್ಟಿದ್ದಾರೆ. ಬೇಕಾದದ್ದಕ್ಕೆ ಬೆರಳಿಡಬೇಕು. ಎಂ.ಎ. ಮಾಡಿದವಳು ಬಾಲವಾಡಿ ಕೂಸಿನ ಹಾಗೆ ಲೋಟದ ಚಿತ್ರಕ್ಕೆ ಬೆರಳಿಡುತ್ತೇನೆ.

ಇಡೀ ದಿನ ಒಂದು ಕನ್ನಡ ಮಾತು ಕಿವಿಗೆ ಬೀಳುವುದಿಲ್ಲ. ನಾನು ಆಡಿದರೆ ಪಾಪ ಅಂತ ಕೈ ಸವರುತ್ತಾರೆ. ಹುಚ್ಚಿ ಬಡಬಡಿಸುತ್ತಾಳೆ ಅಂದುಕೊಂಡಿದ್ದಾರೆ. ನಾನು ಸರಿಯಾಗೇ ಮಾತಾಡ್ತೀನಿ ಬಸ್ಯಾ, ಅವರಿಗೆ ತಿಳಿಯೂದಿಲ್ಲ ಅಷ್ಟ.

ತಮ್ಮಾ, ನನ್ನ ಕರಕೊಂಡ ಹೋಗು. ಮೂಲ್ಯಾಗ ಬಿದ್ದಿರ್ತೀನಿ. ಜಯಾ ಮುಂದ ಉಸಿರ ಎತ್ತೂದಿಲ್ಲ. ಒಬ್ಬರಾದ್ರೂ ಅಕ್ಕಾ ಅಂತ ಅಂದ್ರ ಸಾಕು.

ಮರುದಿನ ಬರೆದದ್ದು: ನಿನ್ನೆಯದನ್ನು ಓದಿದೆ. ಹರಿದು ಹಾಕಬೇಕಿತ್ತು, ಕೈ ಬರಲಿಲ್ಲ. ಮಾರ್ಚಿನಲ್ಲಿ ಏನು ಹೇಳಿದ್ದೆ ನೆನಪಿರಲಿ.

ಗೌರಕ್ಕ


ವೋಲ್ಫ್ಸ್‌ಬುರ್ಗ್
10 ಡಿಸೆಂಬರ್ 2023

ಅಕ್ಕಾ,

ನಿನ್ನ ಪತ್ರ ಆಫೀಸಿನ ಕಾರ್ ಪಾರ್ಕಿನಲ್ಲಿ ಓದಿ ಅತ್ತೆ. ಆದರೆ ನಂಬಲಿಲ್ಲ. ನಂಬಬಾರದು ಅಂತ ನಿನಗೆ ಮಾತು ಕೊಟ್ಟಿದ್ದೇನೆ. ಬುದ್ಧಿ ನೆಟ್ಟಗಿದ್ದಾಗ ಅಕ್ಕ ಹೇಳಿದ್ದನ್ನು ಕೇಳಬೇಕೋ, ನೋವಿನಲ್ಲಿ ಬರೆದದ್ದನ್ನು ಕೇಳಬೇಕೋ? ಮೊದಲಿನದನ್ನೇ ಕೇಳುತ್ತೇನೆ. ಮೊದಲಿನದೇ ನೀನು.

ಹೈಮ್‌ನವರಿಗೆ ಮೇಲ್ ಬರೆದಿದ್ದೇನೆ. ನೀರು, ಊಟ, ಚಳಿ, ನೋವು, ಹೀಗೆ ಇಪ್ಪತ್ತು ಕನ್ನಡ ಶಬ್ದಗಳನ್ನು ಅವರ ಲಿಪಿಯಲ್ಲಿ ಬರೆದು, ಎದುರಿಗೆ ಜರ್ಮನ್ ಹಾಕಿ ಕಳಿಸಿದ್ದೇನೆ. ನಿನ್ನ ಕೋಣೆಯ ಗೋಡೆಗೆ ಅಂಟಿಸುತ್ತಾರೆ. ಇನ್ನು ನೀರಿಗೆ ಕಂಬಳಿ ಬರುವುದಿಲ್ಲ.

ಜಯಾ ಒಂದು ವಾರದಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ‘ಇಪ್ಪತ್ತು ಶಬ್ದ ಕಳಿಸಿದ್ರಿ. ಅಕ್ಕಾ ಅನ್ನೂದನ್ನ ಯಾರ ಕಡಿಂದ ಕಳಸ್ತೀರಿ?’ ಅಂದಳು. ನಾನು ನಿನ್ನ ಮಾತನ್ನೇ ನಡೆಸುತ್ತಿದ್ದೇನೆ ಅಂತ ಆಕೆಗೆ ಅರ್ಥವಾಗುತ್ತಿಲ್ಲ. ನೀನೇ ಆಕೆಗೊಂದು ಪತ್ರ ಬರೆ.

ಬಸವ


3 ಮಾರ್ಚ್ 2024

ಬಸ್ಯಾಗ ಅಕ್ಕನ ಆಶೀರ್ವಾದ.

ಗಂಟ ಕಟ್ಟಿ ಇಟ್ಟೀನಿ. ಎರಡ ಸೀರಿ, ನಿಮ್ಮ ಮಾಮಾನ ಫೋಟೋ, ಬಿಸ್ಕೀಟಿನ ಡಬ್ಬಿ. ಬಾಗಲ ಮುಂದ ಕುರ್ಚಿ ಹಾಕ್ಕೊಂಡ ಕುಂದರ್ತೀನಿ. ಬಿಳಿ ಅಂಗಿ ಹುಡುಗಿ ಬಾಗಲಾ ತಗದ ತೋಟದಾಗ ಅಡ್ಡ್ಯಾಡ್ರಿ ಅಂತ ಕೈ ಮಾಡ್ತಾಳ. ನಾ ಒಲ್ಲೆ ಅಂದೆ. ಕರಿಯಾಕ ಬಂದವರಿಲ್ಲದ ಹೆಂಗ ಹೋಗೂದು? ಇವರಿಗೆ ರೀತಿ ರಿವಾಜ ಒಂದೂ ತಿಳಿಯೂದಿಲ್ಲ.

ಒಕ್ಕಣ್ಣ ರಾಜಾ ಸಾಯೂದ ಹೇಳಲೇನು? ಎಂಬತ್ತ ದಾಟಿದ ಮುದುಕ, ರಣದಾಗ ನಿಂತಾನ. ಮಗಾ ಕುದರಿ ಏರಿ ವೈರಿ ಬೆನ್ನ ಹತ್ತಿ ದೂರ ಹೋಗಿಬಿಟ್ಟಾನ. ಯಾರೋ ಅಂದ್ರು, ‘ದೊರೀ, ಅವರೆಲ್ಲಾ ನಿನ್ನ ಮ್ಯಾಲೇ ಬರಾಕತ್ತಾರ.’ ‘ಮತ್ಯಾರ ಮ್ಯಾಲೆ ಬರ್ತಾರ? ಬರ್ಲಿ. ನನ್ನ ಮಗಾ ಬರ್ತಾನ’ ಅಂದ ಮುದುಕ. ಮೈತುಂಬ ಈಟಿ ನಟ್ಟ ಬೀಳೂತನಾ ಅದೊಂದ ಮಾತು, ನನ್ನ ಮಗಾ ಬರ್ತಾನ. ಮಗಾ ತಿರುಗಿದ್ದ, ಖರೇ. ನಡುವ ಆನಿ ಅಡ್ಡ ನಿಂತಿದ್ವು. ನಮ್ಮ ಚಂದ್ರಗುಪ್ತ ಸೆಲ್ಯೂಕಸಗ ಕೊಟ್ಟ ಆನಿ. ಶ್ರವಣಬೆಳಗೊಳದಾಗ ಉಪವಾಸ ಮಾಡಿ ಜೀವಾ ಬಿಟ್ಟ ಅಂತಾರಲ್ಲ, ಆ ಚಂದ್ರಗುಪ್ತ.

ಬಸ್ಯಾ, ನಿನಗ ಯಾವ ಆನಿ ಅಡ್ಡ ನಿಂತೈತಿ?

ಅಕ್ಕ


ವೋಲ್ಫ್ಸ್‌ಬುರ್ಗ್
28 ಜುಲೈ 2024

ಅಕ್ಕಾ,

ಮಾರ್ಚಿನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಅದನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡಿದೆ. ಇದೂ ನಂಬಬಾರದ ಪತ್ರ ಅಂತ ದಿನಾ ನನಗೆ ನಾನೇ ಹೇಳಿಕೊಂಡೆ. ಮೊನ್ನೆ ಊಟದ ಹೊತ್ತಿನಲ್ಲಿ ಕೀರ್ತಿ ಬ್ಯಾಗಿನಿಂದ ಚಾರ್ಜರ್ ತೆಗೆಯಲು ಹೋದಾಗ ಆ ಪತ್ರ ಹೊರಗೆ ಬಂತು. ಆಕೆಗೆ ಕನ್ನಡ ಓದಲು ಬರುವುದಿಲ್ಲ, ಜಯಾ ಓದಿ ಹೇಳಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು.

ಕೀರ್ತಿ ಫೋನು ತೆಗೆದು ಆ ರಾಜರ ಕಥೆ ಹುಡುಕಿದಳು. ಆಮೇಲೆ ಜರ್ಮನ್‌ನಲ್ಲೇ ನನ್ನನ್ನು ಕೇಳಿದಳು, ‘ಪಪ್ಪಾ, ಆ ಮಗ ಅಪ್ಪನ ಮಾತು ಕೇಳಲೇ ಇಲ್ಲವಲ್ಲ. ನಿನಗೆ ಗೊತ್ತಿರಲಿಲ್ಲವಾ?’

ಅಕ್ಕಾ, ನೀನು ಅರ್ಧ ಕಥೆ ಹೇಳಿದೆ. ನಾನು ಎರಡನೇ ಅರ್ಧ ಕೇಳಿದಾಗ ‘ರಾಜ್ಯ ಆಳಿದ’ ಅಂತ ನೀನು ಹಾರಿಸಿಬಿಟ್ಟೆ. ಆ ಮಗ ಅಪ್ಪನ ಸುದ್ದಿ ಕೇಳಿ ದುಃಖದ ಬಟ್ಟೆ ಉಟ್ಟ. ಎಲ್ಲ ರಾಜರಿಗೂ, ಸೆರೆಹಿಡಿದ ಆ ಸೆಲ್ಯೂಕಸನಿಗೂ ಪತ್ರ ಬರೆದು ಬೇಡಿಕೊಂಡ. ನಮ್ಮ ಬಳಿ ಉಳಿದ ಊರುಗಳನ್ನೆಲ್ಲ ಕೊಡುತ್ತೇನೆ, ಅಪ್ಪನ ಬದಲಿಗೆ ನನ್ನನ್ನೇ ಒತ್ತೆಯಾಗಿ ಇಟ್ಟುಕೊಳ್ಳಿ, ಅವನನ್ನು ಬಿಡಿ ಅಂದ. ಅವರು ಬಿಡಲಿಲ್ಲ. ಅಪ್ಪ ಸೆರೆಯಲ್ಲೇ ತಿಂದು ಕುಡಿದು ಸತ್ತ. ಕೊನೆಗೆ ಮಗ ತನ್ನ ಹಡಗುಗಳನ್ನೆಲ್ಲ ತೆಗೆದುಕೊಂಡು ಸಮುದ್ರದ ಮಧ್ಯದವರೆಗೆ ಹೋಗಿ ಅಪ್ಪನ ಬೂದಿಯ ಕಲಶವನ್ನು ಎದುರುಗೊಂಡ. ಬೂದಿಯನ್ನು ಅಕ್ಕಾ! ಇದನ್ನು ನೀನು ಪರೀಕ್ಷೆಗೆ ಓದಿದ್ದೆ, ನಿನಗೆ ಗೊತ್ತಿತ್ತು. ನಾನು ಅದನ್ನು ಓದಿದರೆ ಬಂದೇ ಬರುತ್ತೇನೆ ಅಂತ ಮುಚ್ಚಿಟ್ಟೆಯಲ್ಲವೇ?

ಇನ್ನೊಂದು ಕೇಳುತ್ತೇನೆ. ನಂಬಬಾರದ ಪತ್ರಗಳಿಗೆ ಸ್ಟಾಂಪ್ ಯಾಕೆ ಹಚ್ಚಿಟ್ಟೆ? ಡಬ್ಬಿ ತುಂಬ ಯಾಕೆ ಹಚ್ಚಿಟ್ಟೆ? ಈ ಮಾತು ಮೊದಲು ನನ್ನನ್ನು ಕೇಳಿದವಳು ಜಯಾ.

ನನಗೆ ಆನೆ ಯಾವುದೂ ಅಡ್ಡ ನಿಂತಿರಲಿಲ್ಲ. ಹೆದರಿಕೆ ಇತ್ತು, ಅಷ್ಟೇ. ನನ್ನ ಮನೆಯಲ್ಲಿ ನೀನು ಸ್ವಲ್ಪ ಸ್ವಲ್ಪವಾಗಿ ಇಲ್ಲವಾಗುವುದನ್ನು ದಿನಾ ನೋಡಬೇಕಲ್ಲ ಅನ್ನುವ ಹೆದರಿಕೆ. ನೀನು ಬೇಡ ಅಂದದ್ದು ನನಗೆ ಅನುಕೂಲವಾಯಿತು.

ಆಗಸ್ಟ್ ಒಂಬತ್ತು, ಶುಕ್ರವಾರ, ನಾಗರಪಂಚಮಿ, ತಮ್ಮ ಅಕ್ಕನನ್ನು ತವರಿಗೆ ಕರೆಯುವ ಹಬ್ಬ. ಕರೆಯಲು ಬರುತ್ತಿದ್ದೇನೆ. ಬುತ್ತಿ ಕಟ್ಟಿಕೊಂಡೇ ಬರುತ್ತೇನೆ, ರಿವಾಜು ತಪ್ಪಿಸುವುದಿಲ್ಲ. ಹೈಮ್‌ನವರಿಗೆ ತಿಳಿಸಿದ್ದೇನೆ. ಆಫೀಸ್ ರೂಮ್ ಖಾಲಿ ಮಾಡಿ ಮಂಚ ಹಾಕಿದ್ದೇವೆ. ಕೀರ್ತಿ ಕನ್ನಡದ ಅಕ್ಷರ ತಿದ್ದಲು ಶುರುಮಾಡಿದ್ದಾಳೆ.

ಗಂಟು ಬಿಚ್ಚಬೇಡ.

ನಿನ್ನ ತಮ್ಮ ಬಸವ


11 ಆಗಸ್ಟ್ 2024

ಬಸ್ಯಾ,

ನೀ ಯಾಕ ಬರಲಿಲ್ಲೋ ಯಪ್ಪಾ? ಪಂಚಮಿ ಆಗಿಹೋತು.

ಒಬ್ಬಾಂವ ಬಂದಿದ್ದ. ತಲಿ ಬೋಳು, ಕಣ್ಣಿಗೆ ಚಸ್ಮಾ. ಭಾಳ ಸಂಭಾವಿತ, ನಮ್ಮ ಮಾತ ಆಡ್ತಾನ. ಬುತ್ತಿ ತಂದಿದ್ದ. ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಉಂಡಿ. ಅಕ್ಕಾ, ಕರಿಯಾಕ ಬಂದೀನಿ ಅಂದ. ಕೇಳಿ ಗಂಟ ತಗೊಂಡ ಎದ್ದ ನಿಂತೆ. ಖರೇ, ಗುರುತ ಪರಿಚಯ ಇಲ್ಲದಾವನ ಜೋಡಿ ನಾ ಹೆಂಗ ಹೋಗ್ಲಿ? ನಮ್ಮ ತಮ್ಮ ಬರ್ತಾನ್ರೀ, ಸಾಲಿ ಬಿಟ್ಟ ಕೂಡ್ಲೆ ಬರ್ತಾನ, ನೀವ್ ಸಿಟ್ಟ ಮಾಡ್ಕೋಬ್ಯಾಡ್ರಿ ಅಂತ ಕೈ ಮುಗದೆ. ನಾನ ನಿನ್ನ ತಮ್ಮ ಅಂದ. ಅಂಥಾ ಮಾತ ಆಡಬಾರದ್ರೀ ಅಂದೆ. ಗಂಟ ಗಟ್ಟಿ ಹಿಡಕೊಂಡ ಕುಂತೆ.

ಆಂವ ಅತ್ತ. ಅಷ್ಟ ದೊಡ್ಡ ಗಂಡಸು, ಹುಡುಗೂರಗತೆ ಅತ್ತ. ಪಾಪ ಅನಿಸ್ತು. ಅವನ ಬುತ್ತಿ ಬಿಚ್ಚಿ ಅವಗ ತುತ್ತ ಮಾಡಿ ತಿನ್ನಿಸಿದೆ. ಹೊರಗ ಮಳಿ ಇತ್ತು. ಉದ್ದನ್ನ ಛತ್ರಿ ಕೈಯಾಗ ಹಿಡಕೊಂಡ ನನ್ನ ಬಾಜೂಕ ಕುಂತ, ಹೊತ್ತ ಮುಣಗೂತನಾ ಕುಂತ. ಬೇಟಿಂದ ಬಂದ ಮಗಾ ಈಟಿ ಹಿಡಕೊಂಡ ಅಪ್ಪನ ಬಾಜೂಕ ಕುಂತಿದ್ದನಲ್ಲ, ಹಂಗ. ನನಗ ಒಂದೀಟೂ ಹೆದರಿಕಿ ಬರಲಿಲ್ಲ ಬಸ್ಯಾ. ಅದ ಸೋಜಿಗ.

ಮತ್ತ ಬರ್ತೀನಿ ಅಂತ ಹೇಳಿ ಹೋಗ್ಯಾನ. ನನಗೂ ಇಲ್ಲಿ ಸಾಕಾಗೇತಿ. ನೀ ಹೂಂ ಅಂದ್ರ ಅವನ ಜೋಡಿ ಬರ್ತೀನಿ. ನೀ ಅನ್ನಲಿಲ್ಲಂದ್ರ ಬರೂದಿಲ್ಲ. ನಿನ್ನ ಕೈಲೇ ಬರದ ಕಳಸು. ಮಾರಿ ಮರತೀತು, ನಿನ್ನ ಅಕ್ಷರ ನಾನ ತಿದ್ದಿಸಿದ್ದು, ಅದನ್ನ ಮರಿಯೂದಿಲ್ಲ.

ಅಕ್ಕ


ವೋಲ್ಫ್ಸ್‌ಬುರ್ಗ್
13 ಆಗಸ್ಟ್ 2024

ಅಕ್ಕಾ,

ಹೂಂ.

ಆ ಮನುಷ್ಯಾ ನನಗ ಗೊತ್ತು. ನಾನ ಅವನ್ನ ಕಳಸಿದ್ದು. ಸಾಲಿ ಲಗೂನ ಬಿಡಲಿಲ್ಲ, ಅದಕ್ಕ ನನಗ ತಡಾ ಆತು. ಶನಿವಾರ ಅಂವ ಮತ್ತ ಬರ್ತಾನ, ಬುತ್ತಿ ಕಟಗೊಂಡ ಬರ್ತಾನ. ಅವನ ಜೋಡಿ ಬಾ. ರೈಲಿನ್ಯಾಗ ಕಿಡಕಿ ಕಡೆ ಕುಂದರು. ಅಂವ ಅಕ್ಕಾ ಅಂದ್ರ ಓ ಅನ್ನು, ಪಾಪ ಅವಗ ಬ್ಯಾರೆ ಅಕ್ಕ ಇಲ್ಲ. ಒಕ್ಕಣ್ಣ ರಾಜನ ಕಥಿ ಮೊದಲಿಂದ ಹೇಳು, ಈ ಸಲ ಅಂವ ನಿದ್ದಿ ಮಾಡೂದಿಲ್ಲ.

ಇದು ನನ್ನ ಅಕ್ಷರ. ನೀ ತಿದ್ದಿಸಿದ್ದು. ನಂಬು.

ನಿನ್ನ ಬಸ್ಯಾ